ಸೂರತ್ತಿನ ಚಪ್ಪಲಿ, ಬೆಳಗಾವಿಯ ಠರಾವು

ಕಳೆದ ತಿಂಗಳು ನಮ್ಮೂರ ಪುರಸಭೆಯ ಸಾಮಾನ್ಯ ಸಭೆ ಇತ್ತು. ಎಂದಿನಂತೆ ನಾವು ಸ್ಟ್ರಿಂಗರುಗಳು ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದೆವು. ಅಜೆಂಡಾದ ನಾಲ್ಕನೆಯ ವಿಷಯ ಕುಡಿಯುವ ನೀರಿನ ಪೈಪ್‌ಲೈನ್. ಅದರ ಚರ್ಚೆ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಒಬ್ಬ ಸದಸ್ಯರು ಇನ್ನೊಬ್ಬರನ್ನು ಗುತ್ತಿಗೆದಾರನ ಬಾಲ ಎಂದರು. ಅವರು ಎದ್ದು ನಿಂತು ಇವರ ಅಪ್ಪನ ಹೆಸರು ತೆಗೆದರು. ಮೈಕು ಕಿತ್ತಾಡಿದ್ದಾಯಿತು, ನೀರಿನ ಬಾಟಲಿ ಹಾರಿತು. ನಾವೆಲ್ಲ ಮೊಬೈಲ್ ಎತ್ತಿ ವಿಡಿಯೊ ಮಾಡಿದೆವು. ಡೆಸ್ಕಿನವರಿಗೆ ಬೇಕಾಗಿದ್ದೂ ಅದೇ. ಮರುದಿನ 'ಸಭೆಯಲ್ಲಿ ಮಾತಿನ ಚಕಮಕಿ' ಎಂದು ಮೂರು ಕಾಲಂ ಬಂತು. ಪೈಪ್‌ಲೈನಿನ ವಿಷಯ ಮುಂದಿನ ಸಭೆಗೆ ಹೋಯಿತು ಎಂಬ ಕೊನೆಯ ಪ್ಯಾರಾ ಜಾಗ ಸಾಲದೆ ಬಿದ್ದುಹೋಗಿತ್ತು.

ಬೆಳಿಗ್ಗೆ ಚಹಾದಂಗಡಿ ಹತ್ತಿರ ಆ ವಾರ್ಡಿನ ಅಜ್ಜಿಯೊಬ್ಬರು ಸಿಕ್ಕರು. ಪೇಪರು ಯಾರೋ ಓದಿ ಹೇಳಿದ್ದರಂತೆ. "ಅವರು ಬೈದಾಡಿದ್ದು ಗೊತ್ತಾತು ಬಿಡಪ್ಪಾ. ನೀರಿಂದೇನಾತು?" ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಭೆಯಲ್ಲಿ ಮೂರು ತಾಸು ಕೂತು ಬಂದವರು ನಾವು.

ಬೈಗುಳ ಎಲ್ಲಿಂದ ಶುರುವಾಯಿತು, ವಿಷಯ ಎಲ್ಲಿ ತಪ್ಪಿಹೋಯಿತು, ಆ ಹೊತ್ತಿಗೆ ಪತ್ರಿಕೆಯವರು ಏನು ಮಾಡುತ್ತಿದ್ದರು? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ನಾವು ಹಳೆಯದೊಂದು ಸಭೆಯ ಕಡೆ ತಿರುಗಿದೆವು. ಡಿಪ್ಲೊಮಾ ತರಗತಿಯಲ್ಲಿ ಒಂದೇ ಸಾಲಿನಲ್ಲಿ ಮುಗಿದ ಪಾಠ ಅದು: 1907, ಸೂರತ್ ಅಧಿವೇಶನ, ಕಾಂಗ್ರೆಸ್ ಇಬ್ಭಾಗ. ಆ ಒಂದು ಸಾಲಿನೊಳಗೆ ಒಂದು ಚಪ್ಪಲಿ ಇದೆ, ಕಾಲಕ್ಕೆ ಸರಿಯಾಗಿ ಕೈಸೇರದ ಒಂದು ಕಾಗದ ಇದೆ, ಉತ್ತರ ಸಿಗದ ಒಂದು ಚೀಟಿ ಇದೆ. ಆ ಒಡಕು ಮತ್ತೆ ಕೂಡಿಕೊಂಡ ದಾರಿಯಲ್ಲಿ ನಮ್ಮ ಬೆಳಗಾವಿಯೂ ಇದೆ.

ಒಂದೇ ಊರಿನ ಇಬ್ಬರು

ಸೂರತ್ತಿನ ಜಗಳ ಸೂರತ್ತಿನಲ್ಲಿ ಹುಟ್ಟಲಿಲ್ಲ. ಅದರ ಬೇರು ಪುಣೆಯಲ್ಲಿದೆ. ಬಾಲ ಗಂಗಾಧರ ತಿಲಕ ಮತ್ತು ಗೋಪಾಲ ಕೃಷ್ಣ ಗೋಖಲೆ ಒಂದೇ ಊರಿನಲ್ಲಿ ಬೆಳೆದ ನಾಯಕರು, ಒಂದೇ ಜಾತಿಯವರು, ಒಂದೇ ಶಿಕ್ಷಣ ಸಂಸ್ಥೆಯಲ್ಲಿ ಪಾಠ ಹೇಳಿದವರು. 1880ರಲ್ಲಿ ಶುರುವಾದ ನ್ಯೂ ಇಂಗ್ಲಿಷ್ ಸ್ಕೂಲ್, ಅದರ ಬೆನ್ನಿಗೆ ಬಂದ ಡೆಕ್ಕನ್ ಎಜುಕೇಶನ್ ಸೊಸೈಟಿ ಮತ್ತು ಫರ್ಗ್ಯುಸನ್ ಕಾಲೇಜು ಇವರಿಬ್ಬರನ್ನೂ ಒಂದೇ ಸೂರಿನಡಿ ತಂದಿದ್ದವು. ಅವರಿಗಿಂತ ಮೊದಲಿನ ಗೆಳೆತನ ತಿಲಕ ಮತ್ತು ಗೋಪಾಲ ಗಣೇಶ ಆಗರಕರ್ ಅವರದು. 1881ರಲ್ಲಿ ಹುಟ್ಟಿದ ಕೇಸರಿ ಪತ್ರಿಕೆಗೆ ಮೊದಲ ಸಂಪಾದಕ ಆಗರಕರ್. ಕೊಲ್ಹಾಪುರದ ದಿವಾನರ ಮೇಲೆ ಬರೆದ ಬರಹಕ್ಕೆ ಮಾನಹಾನಿ ಮೊಕದ್ದಮೆ ಬಿದ್ದಾಗ, 1882ರಲ್ಲಿ ತಿಲಕರೂ ಆಗರಕರರೂ ಮುಂಬೈಯ ಡೋಂಗ್ರಿ ಜೈಲಿನಲ್ಲಿ ನೂರೊಂದು ದಿನ ಜೊತೆಗೇ ಕಳೆದರು.

ಮೊದಲು ಸಮಾಜ ಸುಧಾರಣೆಯೋ ಮೊದಲು ಸ್ವಾತಂತ್ರ್ಯವೋ ಎಂಬ ಪ್ರಶ್ನೆ ಬಂದಾಗ ಗೆಳೆತನ ಬಿರುಕುಬಿಟ್ಟಿತು. ಆಗರಕರ್ ಕೇಸರಿ ಬಿಟ್ಟು 1888ರಲ್ಲಿ ಸುಧಾರಕ್ ಪತ್ರಿಕೆ ಶುರುಮಾಡಿದರು. ಅದರ ಇಂಗ್ಲಿಷ್ ಭಾಗಕ್ಕೆ ಗೋಖಲೆ ಬರೆದರು. ಅಲ್ಲಿಂದಾಚೆ ಪುಣೆಯಲ್ಲಿ ಎರಡು ಪತ್ರಿಕೆ, ಎರಡು ಬಣ. 1890ರಲ್ಲಿ ತಿಲಕರು ಶಿಕ್ಷಣ ಸಂಸ್ಥೆಯಿಂದ ಹೊರಬಂದರು. ಮರುವರ್ಷ ಒಪ್ಪಿಗೆ ವಯಸ್ಸಿನ ಕಾಯ್ದೆ ಬಂದಾಗ ಎರಡೂ ಕಡೆ ಮಾತು ಬಿಸಿಯಾಯಿತು. ಆಗರಕರ್ ಬದುಕಿರುವಾಗಲೇ ಸಂಪ್ರದಾಯಸ್ಥರು ಅವರ ಅಣಕು ಶವಯಾತ್ರೆ ಹೊರಡಿಸಿದರು. ವಾದಕ್ಕೆ ವಾದ ಕೊಡುವ ಬದಲು ಎದುರಾಳಿಯ ಹೆಣ ಹೊತ್ತು ನಡೆಯುವ ಪದ್ಧತಿ ಇಂದಿನದಲ್ಲ.

1895ರಲ್ಲಿ ಕಾಂಗ್ರೆಸ್ ಅಧಿವೇಶನ ಪುಣೆಗೆ ಬಂತು. ಸ್ವಾಗತ ಸಮಿತಿಯ ಕಾರ್ಯದರ್ಶಿಗಳಲ್ಲಿ ತಿಲಕರೂ ಇದ್ದರು, ಗೋಖಲೆಯವರೂ ಇದ್ದರು. ಅಧಿವೇಶನ ಮುಗಿದ ಮೇಲೆ ಅದೇ ಚಪ್ಪರದಲ್ಲಿ ನ್ಯಾಯಮೂರ್ತಿ ರಾನಡೆಯವರ ಸಾಮಾಜಿಕ ಪರಿಷತ್ತು ನಡೆಯುವುದು ರೂಢಿ. ಪುಣೆಯಲ್ಲಿ ಅದಕ್ಕೆ ವಿರೋಧ ಎದ್ದಿತು. ಚಪ್ಪರಕ್ಕೆ ಬೆಂಕಿ ಇಡುತ್ತೇವೆ ಎಂಬವರೆಗೆ ಮಾತು ಹೋಯಿತು. ತಿಲಕರು ಕಾರ್ಯದರ್ಶಿ ಸ್ಥಾನ ಬಿಟ್ಟರು, ರಾನಡೆ ಬೇರೆ ಜಾಗ ನೋಡಿಕೊಂಡರು. ಆ ಅಧಿವೇಶನದ ಅಧ್ಯಕ್ಷರಾಗಿದ್ದವರು ಬಂಗಾಳದ ಸುರೇಂದ್ರನಾಥ ಬ್ಯಾನರ್ಜಿ. ಈ ಹೆಸರು ನೆನಪಿರಲಿ, ಹನ್ನೆರಡು ವರ್ಷದ ಮೇಲೆ ಚಪ್ಪಲಿ ಬೀಳುವುದು ಇವರ ಕೆನ್ನೆಗೆ.

1897ರ ಪ್ಲೇಗು ಗಾಯವನ್ನು ಇನ್ನಷ್ಟು ಆಳ ಮಾಡಿತು. ಪುಣೆಯಲ್ಲಿ ಮನೆ ಮನೆ ಹೊಕ್ಕು ಶೋಧ ಮಾಡುತ್ತಿದ್ದ ಸೈನಿಕರ ಅತ್ಯಾಚಾರದ ಸುದ್ದಿಯನ್ನು ಇಂಗ್ಲೆಂಡಿನಲ್ಲಿದ್ದ ಗೋಖಲೆ ಅಲ್ಲಿನ ಪತ್ರಿಕೆಗೆ ಹೇಳಿದರು. ಊರಿಂದ ಬಂದ ಪತ್ರಗಳೇ ಅವರಿಗೆ ಆಧಾರ. ವಾಪಸು ಬಂದು ಕೇಳಿದರೆ ಪತ್ರ ಬರೆದವರಲ್ಲಿ ಯಾರೂ ಸಾಕ್ಷಿ ಹೇಳಲು ಮುಂದೆ ಬರಲಿಲ್ಲ. ಹೆಸರು ಬಿಟ್ಟುಕೊಡಲು ಗೋಖಲೆಯೂ ಒಪ್ಪಲಿಲ್ಲ. ಸರ್ಕಾರದ ಮುಂದೆ ಬೇಷರತ್ ಕ್ಷಮೆ ಕೇಳಿದರು. ಅದೇ ವರ್ಷ ತಿಲಕರು ಕೇಸರಿಯ ಬರಹಕ್ಕೆ ರಾಜದ್ರೋಹದ ಆರೋಪ ಹೊತ್ತು ಜೈಲಿಗೆ ಹೋದರು. ಒಬ್ಬರು ಕ್ಷಮೆ ಕೇಳಿದವರು, ಇನ್ನೊಬ್ಬರು ಜೈಲಿಗೆ ಹೋದವರು. ಈ ಹೋಲಿಕೆ ಗೋಖಲೆಯವರನ್ನು ಚುಚ್ಚಲು ವರ್ಷಗಟ್ಟಲೆ ಬಳಕೆಯಾಯಿತು. ಸುದ್ದಿಯ ಮೂಲವನ್ನು ಕಾಪಾಡಲು ಹೋಗಿ ಒಂಟಿಯಾಗುವುದು ಏನೆಂದು ನಮ್ಮ ಕಸುಬಿನವರಿಗೆ ವಿವರಿಸಬೇಕಿಲ್ಲ.

ಹೆಸರುಗಳನ್ನೂ ನೋಡಿ. ಮರಾಠಿಯಲ್ಲಿ ಗೋಖಲೆ ಬಣಕ್ಕೆ 'ಮವಾಳ', ಅಂದರೆ ಮೆತ್ತಗಿನವರು. ತಿಲಕ ಬಣಕ್ಕೆ 'ಜಹಾಲ', ಅಂದರೆ ಉರಿಯುವವರು. ಕನ್ನಡದ ಪಠ್ಯಪುಸ್ತಕಕ್ಕೆ ಬರುವಾಗ ಅವು ಮಂದಗಾಮಿ, ತೀವ್ರಗಾಮಿ ಆದವು. ತಿಲಕರ ಕಡೆಯವರು ತಮ್ಮನ್ನು ರಾಷ್ಟ್ರೀಯರು, ಹೊಸ ಪಕ್ಷದವರು ಎಂದು ಕರೆದುಕೊಳ್ಳುತ್ತಿದ್ದರು. ಯಾವ ಮನುಷ್ಯನೂ ತಾನೇ ತನ್ನನ್ನು 'ಮಂದ' ಎಂದು ಕರೆದುಕೊಳ್ಳುವುದಿಲ್ಲ. ಎದುರಿನವರು ಅಂಟಿಸಿದ ಚೀಟಿಯನ್ನೇ ನಾವು ಇಂದಿಗೂ ಐದು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆಯುತ್ತೇವೆ.

ಜಗಳ ಯಾವುದರ ಬಗ್ಗೆ?

ವಿಷಯವೇ ಇರಲಿಲ್ಲ, ಬರೀ ಸೊಕ್ಕಿನ ಜಗಳ ಎಂದುಬಿಟ್ಟರೆ ಇಬ್ಬರಿಗೂ ಅನ್ಯಾಯವಾಗುತ್ತದೆ. 1905ರಲ್ಲಿ ಬಂಗಾಳ ಇಬ್ಭಾಗವಾದ ಮೇಲೆ ದೇಶದ ಮುಂದೆ ನಿಜವಾದ ಪ್ರಶ್ನೆ ಇತ್ತು. ಸರ್ಕಾರಕ್ಕೆ ಮನವಿ ಕೊಡುತ್ತಲೇ ಹೋಗಬೇಕೋ, ವಿದೇಶಿ ಬಟ್ಟೆ, ಸರ್ಕಾರಿ ಶಾಲೆ, ಕೋರ್ಟು ಎಲ್ಲವನ್ನೂ ಬಿಟ್ಟು ಎದುರು ನಿಲ್ಲಬೇಕೋ? ಬಹಿಷ್ಕಾರ ಬಂಗಾಳಕ್ಕೆ ಮಾತ್ರವೋ, ದೇಶಕ್ಕೆಲ್ಲವೋ?

1906ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಅಧಿವೇಶನ ಈ ಪ್ರಶ್ನೆಯನ್ನು ಒಂದು ವರ್ಷ ಮುಂದೂಡಿತು. ಎಂಬತ್ತು ದಾಟಿದ ದಾದಾಭಾಯಿ ನವರೋಜಿಯವರನ್ನು ಅಧ್ಯಕ್ಷ ಮಾಡಿದ್ದರಿಂದ ಯಾರೂ ಎದುರು ಮಾತಾಡಲಿಲ್ಲ. ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣ ಎಂಬ ನಾಲ್ಕು ಠರಾವುಗಳು ಪಾಸಾದವು. ಎರಡೂ ಬಣ ತಮಗೆ ಬೇಕಾದ ಅರ್ಥ ಓದಿಕೊಳ್ಳುವಂತೆ ಅವುಗಳ ಪದಗಳಿದ್ದವು.

ಮುಂದಿನ ಅಧಿವೇಶನ ನಾಗಪುರದಲ್ಲಿ ಎಂದಿತ್ತು. ಅಲ್ಲಿ ತಿಲಕರ ಕಡೆಯವರ ಬಲ ಜಾಸ್ತಿ. ಸ್ವಾಗತ ಸಮಿತಿಯ ಸಭೆಯೇ ಗದ್ದಲದಲ್ಲಿ ಮುರಿಯಿತು. ಅಧಿವೇಶನವನ್ನು ಸೂರತ್ತಿಗೆ ಎತ್ತಿದರು, ಅಲ್ಲಿ ಫಿರೋಜ್‌ಷಾ ಮೆಹ್ತಾ ಮತ್ತು ಗೋಖಲೆಯವರ ಮಾತು ನಡೆಯುತ್ತಿತ್ತು. ಮಂಡಾಲೆ ಗಡಿಪಾರಿನಿಂದ ಆಗತಾನೆ ಬಿಡುಗಡೆಯಾಗಿದ್ದ ಲಾಲಾ ಲಜಪತರಾಯರು ಅಧ್ಯಕ್ಷರಾಗಲಿ ಎಂದು ತಿಲಕರ ಬಣ ಕೇಳಿತು. ಲಜಪತರಾಯರು ತಾವೇ ಹಿಂದೆ ಸರಿದರು. ರಾಸ್‌ಬಿಹಾರಿ ಘೋಷ್ ಅವರ ಹೆಸರು ಗಟ್ಟಿಯಾಯಿತು.

ಇಷ್ಟರಲ್ಲಿ ಒಂದು ಗುಸುಗುಸು ಹಬ್ಬಿತು: ಕಲ್ಕತ್ತೆಯ ನಾಲ್ಕೂ ಠರಾವುಗಳನ್ನು ಸೂರತ್ತಿನಲ್ಲಿ ಕೈಬಿಡುತ್ತಾರಂತೆ. ಇಲ್ಲ ಎಂದು ತೋರಿಸಲು ಒಂದೇ ದಾರಿ ಇತ್ತು. ಕರಡು ಠರಾವುಗಳನ್ನು ಮುಂಚೆಯೇ ಎಲ್ಲರ ಕೈಗೆ ಕೊಡುವುದು. ಕರಡು ಬರೆದವರು ಗೋಖಲೆ. ಆದರೆ ಅಚ್ಚಾದ ಪ್ರತಿ ಸಮಯಕ್ಕೆ ಬರಲಿಲ್ಲ. ಡಿಸೆಂಬರ್ 26ರಂದು ಅಧಿವೇಶನ ಶುರುವಾಗುವ ಹೊತ್ತಿಗಷ್ಟೇ ತಿಲಕರ ಕೈಗೆ ಕಾಗದ ಸಿಕ್ಕಿತು. ಅಚ್ಚಿನ ಮನೆ ತಡ ಮಾಡಿತು ಎಂದು ಒಂದು ಕಡೆ. ಬೇಕಂತಲೇ ಮುಚ್ಚಿಟ್ಟರು ಎಂದು ಇನ್ನೊಂದು ಕಡೆ.

ಕಾಗದದಲ್ಲಿ ಠರಾವುಗಳು ಇದ್ದವು, ಪದಗಳು ಬದಲಾಗಿದ್ದವು. ಸ್ವದೇಶಿ ವಸ್ತುಗಳನ್ನು ಸ್ವಲ್ಪ ತ್ಯಾಗ ಮಾಡಿಯಾದರೂ ಕೊಳ್ಳಬೇಕು ಎಂದು ಕಲ್ಕತ್ತೆ ಹೇಳಿತ್ತು. ಸೂರತ್ತಿನ ಕರಡಿನಲ್ಲಿ ಆ ತ್ಯಾಗದ ಮಾತು ಹೋಗಿ, ಸಾಧ್ಯವಾದಲ್ಲಿ ಆದ್ಯತೆ ಕೊಡಬೇಕು ಎಂಬ ಅರ್ಥ ಬಂದಿತ್ತು. ಬಹಿಷ್ಕಾರದ ಠರಾವಿನಲ್ಲಿ 'ಚಳವಳಿ' ಎಂಬುದರ ಜಾಗಕ್ಕೆ ವಿದೇಶಿ ಸರಕಿನ ಬಹಿಷ್ಕಾರ ಬಂದಿತ್ತು. ಎರಡಕ್ಕೂ ಬಹಳ ವ್ಯತ್ಯಾಸ. ಮೊದಲನೆಯದು ಕೋರ್ಟು ಕಚೇರಿವರೆಗೆ ಹೋಗಬಲ್ಲದು, ಎರಡನೆಯದು ಅಂಗಡಿಯ ಬಾಗಿಲಲ್ಲೇ ನಿಲ್ಲುತ್ತದೆ.

ಚರ್ಚೆ ಮಾಡಲೇಬೇಕಾದ ವಿಷಯ ಇದು. ಅದಕ್ಕಾಗಿಯೇ 1600ರಷ್ಟು ಪ್ರತಿನಿಧಿಗಳು ದೂರದೂರದಿಂದ ರೈಲು ಹತ್ತಿ ಬಂದಿದ್ದರು. ಆದರೆ ಈ ಪದಗಳ ಮೇಲೆ ಆ ಚಪ್ಪರದಲ್ಲಿ ಒಂದು ನಿಮಿಷದ ಚರ್ಚೆಯೂ ಆಗಲಿಲ್ಲ.

ಎರಡು ದಿನ, ಒಂದು ಚೀಟಿ

26ರಂದು ಅಧ್ಯಕ್ಷರ ಹೆಸರು ಸೂಚಿಸಿದ್ದಾಯಿತು. ಅನುಮೋದಿಸಲು ಸುರೇಂದ್ರನಾಥ ಬ್ಯಾನರ್ಜಿ ಎದ್ದರು. ಬಂಗಾಳ ವಿಭಜನೆಯ ವಿರುದ್ಧ ಹೋರಾಡಿ, ವರ್ಷದ ಹಿಂದಷ್ಟೇ ಬಾರಿಸಾಲದಲ್ಲಿ ಬಂಧನಕ್ಕೊಳಗಾಗಿದ್ದವರು ಅವರು. ಸಾವಿರಾರು ಜನರನ್ನು ಮಾತಿನಲ್ಲೇ ಹಿಡಿದು ನಿಲ್ಲಿಸುವ ಕಂಠ. ಅಂಥವರಿಗೆ ಅಂದು ಮಾತಾಡಲು ಆಗಲಿಲ್ಲ. ಮಿಡ್ನಾಪುರ ನೆನಪಿದೆಯೇ, ನಾಗಪುರ ನೆನಪಿದೆಯೇ ಎಂಬ ಕೂಗು ಎದ್ದಿತು. ಅದೇ ತಿಂಗಳು ಮಿಡ್ನಾಪುರದ ಸಮ್ಮೇಳನದಲ್ಲೂ ಇಂಥದೇ ಜಗಳವಾಗಿತ್ತು. ಹಳೆಯ ಲೆಕ್ಕವೆಲ್ಲ ಹೊರಬಂದವು. ಕೂತವರು ಕುರ್ಚಿಯ ಮೇಲೆ ನಿಂತರು. ಸಭೆಯನ್ನು ಮರುದಿನಕ್ಕೆ ಮುಂದೂಡಿದರು.

ರಾತ್ರಿಯಿಡೀ ಸಂಧಾನದ ಓಡಾಟ ನಡೆಯಿತು. ಏನೂ ಕೂಡಿಬರಲಿಲ್ಲ. ಇತ್ತ ರಾಸ್‌ಬಿಹಾರಿ ಘೋಷ್ ಇನ್ನೂ ಓದಿರದ ಭಾಷಣ ಆಗಲೇ ಕಲ್ಕತ್ತೆಯ ಪತ್ರಿಕೆಗಳಿಗೆ ತಲುಪಿತ್ತು. ಅದರಲ್ಲಿ ತಿಲಕರ ಬಣದ ಮೇಲೆ ಚುಚ್ಚುಮಾತುಗಳಿದ್ದವು. ಸುದ್ದಿ ತಂತಿಯ ಮೂಲಕ ಸೂರತ್ತಿಗೆ ಹಿಂತಿರುಗಿ ಬಂತು. ಆಡದ ಮಾತು ಮೊದಲೇ ಊರು ಸುತ್ತಿ ಬಂದು ಕಿವಿ ಸುಟ್ಟಿತು.

27ರಂದು ಮತ್ತೆ ಸೇರಿದರು. ತಿಲಕರು ಪೆನ್ಸಿಲಿನಲ್ಲಿ ಒಂದು ಚೀಟಿ ಬರೆದು ಸ್ವಾಗತ ಸಮಿತಿಯ ಅಧ್ಯಕ್ಷ ತ್ರಿಭುವನದಾಸ ಮಾಳವಿಯವರಿಗೆ ಕಳಿಸಿದರು. ಅಧ್ಯಕ್ಷರ ಹೆಸರಿಗೆ ಅನುಮೋದನೆ ಆದಮೇಲೆ ತಮಗೆ ಮಾತಾಡಲು ಅವಕಾಶ ಬೇಕು, ಸಭೆ ಮುಂದೂಡುವ ಸೂಚನೆಯ ಜೊತೆ ರಾಜಿಯ ಒಂದು ಸಲಹೆ ಇಡುತ್ತೇನೆ ಎಂದು ಅದರಲ್ಲಿ ಬರೆದಿತ್ತು. ಉತ್ತರ ಬರಲಿಲ್ಲ. ನೆನಪಿನ ಚೀಟಿ ಹೋಯಿತು. ಅದಕ್ಕೂ ಉತ್ತರ ಇಲ್ಲ. ಬ್ಯಾನರ್ಜಿ ಭಾಷಣ ಮುಗಿಸಿದರು, ಮೋತಿಲಾಲ್ ನೆಹರೂ ಬೆಂಬಲಿಸಿ ಮಾತಾಡಿದರು. ಮಾಳವಿ ಮತಕ್ಕೆ ಹಾಕಿ ಘೋಷ್ ಆಯ್ಕೆಯಾದರು ಎಂದು ಸಾರಿದರು. ಘೋಷ್ ಭಾಷಣ ಓದಲು ಎದ್ದರು. ಅಷ್ಟರಲ್ಲಿ ತಿಲಕರು ವೇದಿಕೆ ಹತ್ತಿದರು.

ಮಾತಾಡುವ ಸಮಯ ಮುಗಿಯಿತು ಎಂದರು ವೇದಿಕೆಯವರು. ಚೀಟಿ ಕೊಟ್ಟಿದ್ದೇನೆ, ಪ್ರತಿನಿಧಿಗಳನ್ನೇ ಕೇಳುತ್ತೇನೆ ಎಂದರು ತಿಲಕರು. ಸಭೆಯ ಕಡೆ ಮುಖ ಮಾಡಿ, ಕೈಕಟ್ಟಿ ನಿಂತುಬಿಟ್ಟರು. ಅವರನ್ನು ಎಳೆದು ಕೆಳಗಿಳಿಸಲು ಕೆಲವು ಯುವಕರು ನುಗ್ಗಿದರು.

ಆಗ ನಡೆದ ಒಂದು ಸಂಗತಿ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಅಂದು ಅಲ್ಲಿ ಹೆನ್ರಿ ನೆವಿನ್ಸನ್ ಎಂಬ ಇಂಗ್ಲಿಷ್ ವರದಿಗಾರನಿದ್ದ. ಮ್ಯಾಂಚೆಸ್ಟರ್ ಗಾರ್ಡಿಯನ್ನಿಗೆ ಬರೆಯುತ್ತಿದ್ದವನು. ಅವನು ಕಂಡದ್ದನ್ನು ಮರುವರ್ಷ ತನ್ನ ಪುಸ್ತಕದಲ್ಲಿ ಬರೆದ. ತಿಲಕರ ಮೇಲೆ ಜನ ಏರಿಬಂದಾಗ ಎರಡೂ ತೋಳು ಚಾಚಿ ಅವರಿಗೆ ಅಡ್ಡ ನಿಂತವರು ಗೋಖಲೆ. ಹದಿನೇಳು ವರ್ಷ ಪತ್ರಿಕೆಯಲ್ಲಿ, ಸಭೆಯಲ್ಲಿ, ಸಂಸ್ಥೆಯಲ್ಲಿ ಕಾದಾಡಿದ ಮನುಷ್ಯ, ಎದುರಾಳಿಯ ಮೈಮೇಲೆ ಕೈಬೀಳುವ ಹೊತ್ತಿಗೆ ಅವನ ಪಕ್ಕದಲ್ಲಿದ್ದ.

ಅದೇ ಗಳಿಗೆಯಲ್ಲಿ ಚಪ್ಪಲಿ ಹಾರಿಬಂತು. ಕೆಂಪು ಚರ್ಮದ, ಚೂಪು ಮೂತಿಯ, ಅಟ್ಟೆಗೆ ಸೀಸದ ಮೊಳೆ ಬಡಿದ ಮರಾಠಾ ಮೆಟ್ಟು ಎಂದು ನೆವಿನ್ಸನ್ ಗುರುತು ಹೇಳುತ್ತಾನೆ. ಅದು ಸುರೇಂದ್ರನಾಥರ ಕೆನ್ನೆಗೆ ಬಡಿದು, ಅಲ್ಲಿಂದ ಪುಟಿದು ಫಿರೋಜ್‌ಷಾ ಮೆಹ್ತಾ ಅವರಿಗೆ ತಾಗಿತು. ಆಮೇಲೆ ಕುರ್ಚಿಗಳು, ಕೋಲುಗಳು. ಬ್ರಿಟಿಷರ ವಿರುದ್ಧ ಒಗ್ಗಟ್ಟಾಗಲು ಕೂಡಿದ ಸಭೆಯನ್ನು ಬ್ರಿಟಿಷರ ಪೊಲೀಸರು ಬಂದು ಖಾಲಿ ಮಾಡಿಸಿದರು.

ಎರಡು ವರದಿ

ಮರುದಿನ ಎರಡೂ ಬಣ ಬೇರೆಬೇರೆಯಾಗಿ ಸೇರಿದವು. ಗೋಖಲೆ, ಮೆಹ್ತಾ ಕಡೆಯವರು ಒಂದು ಸಮಾವೇಶ ಕರೆದರು. ತಿಲಕರ ಕಡೆಯವರು ಅರವಿಂದ ಘೋಷರ ಅಧ್ಯಕ್ಷತೆಯಲ್ಲಿ ಕೂಡಿದರು. ಆಮೇಲೆ ಎರಡು ಹೇಳಿಕೆಗಳು ಪತ್ರಿಕೆಗೆ ಹೋದವು. ಒಂದಕ್ಕೆ ಮಾಳವಿ, ದಿನ್‌ಷಾ ವಾಚಾ ಮತ್ತು ಗೋಖಲೆಯವರ ಸಹಿ. ಇನ್ನೊಂದಕ್ಕೆ ತಿಲಕ, ಖಾಪರ್ಡೆ, ಅರವಿಂದ ಮತ್ತಿತರರ ಸಹಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ನಮ್ಮಂಥ ವರದಿಗಾರರಿಗೆ ಪಾಠವಾಗುತ್ತದೆ. ಘಟನೆಗಳು ಹೆಚ್ಚುಕಡಿಮೆ ಅವೇ. ಕರಡು ತಡವಾದದ್ದು ಎರಡರಲ್ಲೂ ಇದೆ, ಚೀಟಿ ಎರಡರಲ್ಲೂ ಇದೆ. ಬೇರೆಯಾಗುವುದು ಉದ್ದೇಶ ಹೇಳುವಾಗ. ಒಂದು ಕಡೆಯ ತಡ ಇನ್ನೊಂದು ಕಡೆಗೆ ಕುತಂತ್ರವಾಗಿ ಕಾಣುತ್ತದೆ. ಒಂದು ಕಡೆಯ ಹಕ್ಕು ಇನ್ನೊಂದು ಕಡೆಗೆ ದಾಂಧಲೆಯಾಗಿ ಕಾಣುತ್ತದೆ.

ನಮಗೆ ಹೊಳೆದದ್ದು ಇಷ್ಟು. ಅಭಿಪ್ರಾಯ ಭೇದ ಕಲ್ಕತ್ತೆಯಲ್ಲೂ ಇತ್ತು, ಅಲ್ಲಿ ಚಪ್ಪಲಿ ಹಾರಲಿಲ್ಲ. ಸೂರತ್ತಿನಲ್ಲಿ ಹೆಚ್ಚಾಗಿದ್ದದ್ದು ಭೇದವಲ್ಲ, ಅನುಮಾನ. ಅನುಮಾನ ಬೆಳೆದದ್ದು ವರ್ಷಗಟ್ಟಲೆ ಒಬ್ಬರನ್ನೊಬ್ಬರು ಹೀಗಳೆದ ಬರಹಗಳಿಂದ. ಬಯ್ಗುಳ ಆ ಕ್ಷಣಕ್ಕೆ ನೋಯಿಸಿ ಮುಗಿಯುವುದಿಲ್ಲ. ಮುಂದೊಂದು ದಿನ ಎದುರಿನವರು ಅಚ್ಚಿನ ಮನೆ ತಡ ಮಾಡಿತು ಎಂದು ನಿಜವನ್ನೇ ಹೇಳಿದರೂ ನಂಬದ ಹಾಗೆ ಮಾಡಿಟ್ಟಿರುತ್ತದೆ. ಎರಡೂ ಕಡೆಯವರು ನಂಬುವ ಒಂದು ಕುರ್ಚಿ, ಸಮಯಕ್ಕೆ ಕೈಸೇರುವ ಒಂದು ಕಾಗದ, ಚೀಟಿಗೆ ಹೌದು ಇಲ್ಲ ಎಂಬ ಒಂದು ಉತ್ತರ ಅಲ್ಲಿ ಇದ್ದಿದ್ದರೆ? ಬಣಗಳು ಆಗಲೂ ಒಡೆಯುತ್ತಿದ್ದವೇನೋ. ಆದರೆ 'ತ್ಯಾಗ ಮಾಡಿಯಾದರೂ' ಎಂಬ ಪದದ ಮೇಲೆ ಮತ ಹಾಕಿ ಒಡೆಯುತ್ತಿದ್ದವು. ಜನಕ್ಕೂ ಯಾವುದರ ಮೇಲೆ ಒಡೆದರು ಎಂದು ಗೊತ್ತಾಗುತ್ತಿತ್ತು.

ಬೆಲೆ ತೆತ್ತವರು

ಸೂರತ್ತಿನ ಸುದ್ದಿ ತಿಳಿದು ಖುಷಿಪಟ್ಟವರು ಇದ್ದರು. ವೈಸರಾಯ್ ಮಿಂಟೊ ಲಂಡನ್ನಿನಲ್ಲಿದ್ದ ಮಾರ್ಲೆಯವರಿಗೆ ಬರೆದ ಪತ್ರದಲ್ಲಿ ಇದನ್ನು ತಮ್ಮ ಕಡೆಯ ದೊಡ್ಡ ಗೆಲುವು ಎಂದೇ ಬಣ್ಣಿಸಿದರು.

1908ರ ಏಪ್ರಿಲ್‌ನಲ್ಲಿ ಗೋಖಲೆ, ಮೆಹ್ತಾ ಕಡೆಯವರು ಅಲಹಾಬಾದಿನಲ್ಲಿ ಸೇರಿ ಕಾಂಗ್ರೆಸ್ಸಿಗೆ ಒಂದು ಕಟ್ಟುಪಾಡು ಬರೆದರು. ಅದಕ್ಕೆ ಸಹಿ ಹಾಕದವರಿಗೆ ಒಳಗೆ ಜಾಗವಿಲ್ಲ. ತಿಲಕರ ಬಣ ಹೊರಗುಳಿಯಿತು. ಜೂನ್‌ನಲ್ಲಿ ಪತ್ರಿಕೆಗಳ ಮೇಲೆ ಹೊಸ ಕಾಯ್ದೆ ಬಂತು, ಅಚ್ಚಿನ ಮನೆಯನ್ನೇ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಅದರಲ್ಲಿತ್ತು. ಅದೇ ತಿಂಗಳು ಕೇಸರಿಯ ಲೇಖನಗಳಿಗಾಗಿ ತಿಲಕರ ಬಂಧನವಾಯಿತು. ಜುಲೈ 22ರಂದು ಏಳಕ್ಕೆ ಎರಡರ ಜ್ಯೂರಿ ತೀರ್ಪಿನ ಮೇಲೆ ಆರು ವರ್ಷದ ಶಿಕ್ಷೆ. ಮುಂಬೈಯ ಗಿರಣಿ ಕೆಲಸಗಾರರು ಕೆಲಸ ಬಿಟ್ಟು ಬೀದಿಗಿಳಿದರು. ದೇಶದ ಅತಿ ದೊಡ್ಡ ರಾಜಕೀಯ ಸಂಸ್ಥೆ ತನ್ನ ಅತಿ ದೊಡ್ಡ ನಾಯಕರಲ್ಲಿ ಒಬ್ಬರ ಬೆನ್ನಿಗೆ ನಿಲ್ಲುವ ಸ್ಥಿತಿಯಲ್ಲಿ ಇರಲಿಲ್ಲ. ತಿಲಕರು ಮಂಡಾಲೆಯಲ್ಲಿದ್ದಾಗಲೇ ಪತ್ನಿ ಸತ್ಯಭಾಮಾಬಾಯಿ ತೀರಿಕೊಂಡರು.

ಗೋಖಲೆಯ ಕಡೆಯೂ ಗೆಲ್ಲಲಿಲ್ಲ. 1909ರ ಸುಧಾರಣೆಗಳಲ್ಲಿ ಅವರು ಬಯಸಿದ ಸ್ವಯಮಾಡಳಿತ ಬರಲಿಲ್ಲ, ಪ್ರತ್ಯೇಕ ಮತಕ್ಷೇತ್ರ ಬಂತು. ಜನ ಬರದೆ ಕಾಂಗ್ರೆಸ್ ಅಧಿವೇಶನಗಳು ಸೊರಗಿದವು.

ಬಿಸಿ ನಮ್ಮ ಕಡೆಗೂ ತಟ್ಟಿತು. ಬೆಳಗಾವಿ, ಧಾರವಾಡ, ವಿಜಾಪುರಗಳು ಆಗ ಮುಂಬೈ ಪ್ರಾಂತದಲ್ಲಿದ್ದವು. ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಬಂದ ಆಲೂರು ವೆಂಕಟರಾಯರಂಥವರು, ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರಂಥವರು ತಿಲಕರನ್ನು ಗುರುವೆಂದು ಕಂಡವರು. ಅತ್ತ ಮೈಸೂರು ಸಂಸ್ಥಾನವೂ 1908ರಲ್ಲೇ ಪತ್ರಿಕೆಗಳಿಗೆ ಕಡಿವಾಣ ಹಾಕುವ ಕಾನೂನು ತಂದಿತು.

ಹೀರೋ ಅಲ್ಲದ ಅಂತ್ಯ

1914ರ ಜೂನ್‌ನಲ್ಲಿ ತಿಲಕರು ಬಿಡುಗಡೆಯಾದರು. ಆಗಲಾದರೂ ಇಬ್ಬರೂ ಕೈಕುಲುಕಿದರು ಎಂದು ಬರೆಯುವ ಆಸೆ ನಮಗಿದೆ. ಹಾಗೆ ಆಗಲಿಲ್ಲ. ಒಂದಾಗುವ ಮಾತುಕತೆ ನಡೆಯುವಾಗ ಗೋಖಲೆ ಭೂಪೇಂದ್ರನಾಥ ಬಸು ಅವರಿಗೆ ಒಂದು ಖಾಸಗಿ ಪತ್ರ ಬರೆದರು. ತಿಲಕರು ಒಳಗೆ ಬಂದರೆ ಸರ್ಕಾರದ ಕೆಲಸಕ್ಕೆ ಅಡ್ಡಿಪಡಿಸುವ ದಾರಿ ಹಿಡಿಯುತ್ತಾರೆ ಎಂಬ ಆತಂಕ ಅದರಲ್ಲಿತ್ತು. ಪತ್ರದ ಸುದ್ದಿ ಹೊರಬಿತ್ತು. ಸಂಧಾನ ಮುರಿಯಿತು. ಕೇಸರಿಯಲ್ಲಿ ಮತ್ತೆ ವಾದ ಶುರುವಾಯಿತು. ಅದರ ನಡುವೆಯೇ, 1915ರ ಫೆಬ್ರವರಿ 19ರಂದು, ಗೋಖಲೆ ತೀರಿಕೊಂಡರು. ವಯಸ್ಸು ನಲವತ್ತೆಂಟು.

ಸಿಂಹಗಡದಲ್ಲಿದ್ದ ತಿಲಕರು ಇಳಿದು ಬಂದರು. ಚಿತೆಯ ಮುಂದೆ ಮಾತಾಡಲು ನಿಂತಾಗ ಅವರ ಕಡೆಯ ಕೆಲವರು ಚಪ್ಪಾಳೆ ತಟ್ಟಿದರು. ಇದು ಚಪ್ಪಾಳೆಯ ಹೊತ್ತಲ್ಲ, ಕಣ್ಣೀರಿನ ಹೊತ್ತು ಎಂದು ತಿಲಕರು ಗದರಿದರು. ಭಾರತದ ವಜ್ರ, ಮಹಾರಾಷ್ಟ್ರದ ಒಡವೆ, ದುಡಿಯುವವರಲ್ಲಿ ರಾಜ ಎಂದು ಗೋಖಲೆಯವರನ್ನು ಕರೆದರು. ಆ ಮಾತನ್ನು ಕೇಳಬೇಕಾದವರು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅದೇ ನವೆಂಬರಿನಲ್ಲಿ ಮೆಹ್ತಾ ಕೂಡ ಹೋದರು. ಡಿಸೆಂಬರಿನ ಮುಂಬೈ ಅಧಿವೇಶನ ನಿಯಮ ಸಡಿಲಿಸಿತು. ತಿಲಕರ ಬಣ ಒಳಗೆ ಬರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಸಭೆ ನಡೆದದ್ದು ನಮ್ಮ ಬೆಳಗಾವಿಯಲ್ಲಿ, 1916ರ ಏಪ್ರಿಲ್ ಕೊನೆಯಲ್ಲಿ. ಏಪ್ರಿಲ್ 28ರಂದು ಹೋಮ್ ರೂಲ್ ಲೀಗ್ ಇಲ್ಲಿಯೇ ಹುಟ್ಟಿತು. ಅದರ ಜೊತೆಗೇ ಸೇರಿದ ಪ್ರಾಂತೀಯ ಸಮ್ಮೇಳನ ಕಾಂಗ್ರೆಸ್ಸಿಗೆ ಮರಳುವ ಠರಾವನ್ನು ಒಪ್ಪಿತು. ದಕ್ಷಿಣ ಆಫ್ರಿಕಾದಿಂದ ಬಂದು ಇನ್ನೂ ಒಂದೂವರೆ ವರ್ಷವೂ ಆಗಿರದ ಗಾಂಧೀಜಿ ಆ ಸಮ್ಮೇಳನಕ್ಕೆ ಬಂದಿದ್ದರು, ಒಗ್ಗಟ್ಟಿನ ಪರ ಮಾತಾಡಿದರು. ಡಿಸೆಂಬರಿನಲ್ಲಿ ಲಖನೌದ ವೇದಿಕೆಯ ಮೇಲೆ ತಿಲಕ, ಖಾಪರ್ಡೆ, ರಾಸ್‌ಬಿಹಾರಿ ಘೋಷ್, ಸುರೇಂದ್ರನಾಥ ಬ್ಯಾನರ್ಜಿ ಒಟ್ಟಿಗೆ ಕೂತರು. ಚಪ್ಪಲಿ ಹಾರಿ ಒಂಬತ್ತು ವರ್ಷವಾಗಿತ್ತು.

ಇನ್ನೊಂದು ದಿನಾಂಕ ಹೇಳಿ ಮುಗಿಸುತ್ತೇವೆ. 1924ರ ಡಿಸೆಂಬರ್ 26. ಸೂರತ್ ಅಧಿವೇಶನ ಶುರುವಾಗಿ ಸರಿಯಾಗಿ ಹದಿನೇಳು ವರ್ಷ. ಅಂದು ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಸೇರಿತ್ತು. ಆಗಲೂ ಎರಡು ಬಣಗಳಿದ್ದವು. ಶಾಸನಸಭೆಯೊಳಗೆ ಹೋಗಿ ಹೋರಾಡಬೇಕು ಎನ್ನುವ ಚಿತ್ತರಂಜನ ದಾಸ್ ಮತ್ತು ಮೋತಿಲಾಲ್ ನೆಹರೂ ಒಂದು ಕಡೆ, ಹೋಗಲೇಬಾರದು ಎನ್ನುವ ಗಾಂಧೀಜಿಯ ಅನುಯಾಯಿಗಳು ಇನ್ನೊಂದು ಕಡೆ. ಮಾತು ಅಲ್ಲೂ ಬಿಸಿಯಾಗಿತ್ತು. ಆದರೆ ಗಾಂಧೀಜಿ, ದಾಸ್, ಮೋತಿಲಾಲ್ ನವೆಂಬರಿನಲ್ಲೇ ಕಲ್ಕತ್ತೆಯಲ್ಲಿ ಕೂತು ಒಪ್ಪಂದ ಬರೆದು, ಸಹಿ ಹಾಕಿ, ಪತ್ರಿಕೆಗಳಿಗೆ ಕೊಟ್ಟಿದ್ದರು. ಬೆಳಗಾವಿಗೆ ಬಂದವರಿಗೆಲ್ಲ ತಾವು ಯಾವುದಕ್ಕೆ ಒಪ್ಪಬೇಕು, ಯಾವುದನ್ನು ಬೇಡ ಅನ್ನಬೇಕು ಎಂಬುದು ತಿಂಗಳ ಮೊದಲೇ ಗೊತ್ತಿತ್ತು. ಇಷ್ಟವಿಲ್ಲದವರೂ ಅದನ್ನು ಓದಿಕೊಂಡೇ ಬಂದಿದ್ದರು. ಅಧಿವೇಶನ ಅದನ್ನು ಒಪ್ಪಿತು. ಮೋತಿಲಾಲ್ ನೆಹರೂ ಸೂರತ್ತಿನ ವೇದಿಕೆಯನ್ನೂ ಕಂಡಿದ್ದರು, ಬೆಳಗಾವಿಯನ್ನೂ ಕಂಡರು.

ನಮ್ಮ ಪುರಸಭೆಯ ಸದಸ್ಯರು ತಿಲಕರೂ ಅಲ್ಲ, ಗೋಖಲೆಯೂ ಅಲ್ಲ. ನಾವಂತೂ ನೆವಿನ್ಸನ್ ಅಲ್ಲ. ಆದರೂ ಈ ಓದು ಮುಗಿದ ಮೇಲೆ ನಮ್ಮ ಬಳಗ ಒಂದು ಕೆಲಸ ಮಾಡಿತು. ಪುರಸಭೆ ಕಚೇರಿಗೆ ಹೋಗಿ ನಾಲ್ಕನೆಯ ವಿಷಯದ ಟಿಪ್ಪಣಿಯ ಪ್ರತಿ ಕೇಳಿ ತಂದೆವು. ಬೈದಾಡಿದ ಇಬ್ಬರು ಸದಸ್ಯರನ್ನೂ ಬೇರೆಬೇರೆಯಾಗಿ ಕಂಡು ಅದನ್ನು ಮುಂದಿಟ್ಟೆವು. ಒಬ್ಬರಿಗೆ ಪೈಪು ಮೇಲಿನ ಓಣಿಯಿಂದ ಬರಬೇಕು, ಇನ್ನೊಬ್ಬರಿಗೆ ಕೆರೆ ಬದಿಯಿಂದ ಬರಬೇಕು. ಇಬ್ಬರ ಕಾರಣದಲ್ಲೂ ಹುರುಳಿತ್ತು. ಇಬ್ಬರೂ ಟಿಪ್ಪಣಿಯನ್ನು ನೋಡಿದ್ದು ಅದೇ ಮೊದಲು. ಸಭೆಯ ದಿನ ಬಾಗಿಲಲ್ಲಿ ಕೊಟ್ಟರಂತೆ.

ಈ ಸಲ ವರದಿಯ ಮೊದಲ ಪ್ಯಾರಾದಲ್ಲಿ ಪೈಪು ಬರೆದು ಕಳಿಸಿದ್ದೇವೆ. ಡೆಸ್ಕಿನವರು ಇನ್ನೂ ಹಾಕಿಲ್ಲ. ಮುಂದಿನ ಸಭೆ ಇದೇ ಬುಧವಾರ, ಅಜ್ಜಿಗೂ ಹೇಳಿದ್ದೇವೆ.